ನಾನು ಕಾಣದ ಬೆಳಕು

ನಮ್ಮ ಮನೆಗೆ ದೇವರು ಬರುತ್ತಿದ್ದದ್ದು ಶನಿವಾರ ಸಂಜೆ. ಅವನು ಬರುವ ಮೊದಲು ತೊಗಲು ಹೊರಗೆ ಹೋಗಬೇಕಿತ್ತು. ಅಥಣಿಯ ನಮ್ಮ ಓಣಿಯಲ್ಲಿದ್ದವೆಲ್ಲ ಚಪ್ಪಲಿ ಹೊಲಿಯುವ ಮನೆಗಳು, ನಮ್ಮದೂ ಅದೇ. ವಾರವೆಲ್ಲ ಅಪ್ಪ ಪಡಸಾಲೆಯ ಕಿಟಕಿಯ ಕೆಳಗೆ ಕೂತು ಚಪ್ಪಲಿಯ ತಳದ ಅಟ್ಟೆ ಕೊಯ್ಯುತ್ತಿದ್ದ. ಅವ್ವ ಮತ್ತು ಅಪ್ಪನ ತಾಯಿ, ನಮ್ಮ ಆಯಿ, ಗೋಡೆಗೆ ಒರಗಿ ಚಪ್ಪಲಿಯ ಪಟ್ಟಿಯ ಮೇಲೆ ಕೂರಿಸುವ ತೊಗಲಿನ ಸಣ್ಣ ಜಡೆಗಳನ್ನು ಹೆಣೆಯುತ್ತಿದ್ದರು. ಹದ ಮಾಡಿದ ತೊಗಲಿನ ವಾಸನೆ, ಜಾಲಿಯ ತೊಗಟೆ ನೆನೆಸಿದ ನೀರಿನ ವಾಸನೆ ಗೋಡೆಗೆ, ಕೌದಿಗೆ, ನಮ್ಮ ತಲೆಗೂದಲಿಗೆ ಹತ್ತಿಕೊಂಡಿತ್ತು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ಒಂದು ಗೇಣು ಸರಿದೇ ಕೂರುತ್ತಿದ್ದಳು. ಶನಿವಾರ ಮಧ್ಯಾಹ್ನ ಅಪ್ಪ ತೊಗಲು ಚುಚ್ಚುವ ಅರಿ, ಕೊಯ್ಯುವ ಉಳಿಗಳನ್ನು ಒರೆಸಿ ಡಬ್ಬಿಯಲ್ಲಿ ಹಾಕಿದನೆಂದರೆ ಅವ್ವ ಮತ್ತು ನಾನು ಅಟ್ಟೆಗಳನ್ನೆಲ್ಲ ಹಿತ್ತಲಿಗೆ ಹೊತ್ತು, ನೆಲವನ್ನು ಎರಡು ಸಲ ತೊಳೆದು, ಜಮಖಾನೆ ಹಾಸುತ್ತಿದ್ದೆವು. ನನ್ನ ತಂಗಿ ಕರುಣಾ ಒದ್ದೆ ನೆಲದ ಮೇಲೆ ಜಾರಾಟ ಆಡಿ ದಿನಾ ತಪ್ಪದ ಬೈಗುಳವನ್ನು ಅಂದು ಇನ್ನಷ್ಟು ತಿನ್ನುತ್ತಿದ್ದಳು. ಇಷ್ಟೆಲ್ಲ ಮಾಡಿದರೂ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೆ ಅವ್ವ ಮುಖ ಸಣ್ಣ ಮಾಡಿಕೊಂಡರೆ ಆಯಿ ಹೇಳುತ್ತಿದ್ದಳು:

"ಯೇಸೂನೂ ಬಡಿಗ್ಯಾರ ಮನ್ಯಾಗ ಬೆಳದಾವ ತಗೀ. ಕೆಲಸದ ಮನಿ ವಾಸನಿಗೆ ಹೆದರೂದಿಲ್ಲ."

ಹೊತ್ತು ಇಳಿಯುವಾಗ ಐದೂ ಜನ ಜಮಖಾನೆಯ ಮೇಲೆ ಸುತ್ತಾಗಿ ಕೂರುತ್ತಿದ್ದೆವು. ಮೊದಲು ಪ್ರಾರ್ಥನೆ, ಆಮೇಲೆ ಸಾಕ್ಷಿ, ಕೊನೆಗೆ ಊಟ. ಸಾಕ್ಷಿ ಎಂದರೆ ಈ ವಾರ ಕರ್ತನು ನಿನಗೆ ಏನು ತೋರಿಸಿದ ಎಂದು ಎದ್ದುನಿಂತು ಹೇಳುವುದು. ಪುಸ್ತಕದಲ್ಲಿ ಓದಿದ್ದನ್ನು ಹೇಳುವ ಹಾಗಿಲ್ಲ, ಇನ್ನೊಬ್ಬರಿಂದ ಕೇಳಿದ್ದನ್ನು ಹೇಳುವ ಹಾಗಿಲ್ಲ. ಕಂಡಿರಬೇಕು, ನೀನೇ ಕಂಡಿರಬೇಕು. ಏನೂ ಕಾಣದವರು "ನನ್ನ ಕಣ್ಣು ಇನ್ನೂ ತೆರೆದಿಲ್ಲ" ಎಂದು ಹೇಳಿ ಕೂರಬೇಕು, ಅವರಿಗೆ ರೊಟ್ಟಿ ಎಲ್ಲರಿಗಿಂತ ಕೊನೆಗೆ. ಅದು ಶಿಕ್ಷೆಯಲ್ಲ, ಕಾಯುವುದನ್ನು ಕಲಿಯಲು ಎಂದು ಅಪ್ಪ ಹೇಳುತ್ತಿದ್ದ. ಇನ್ನೊಂದು ನಿಯಮವಿತ್ತು. ಒಮ್ಮೆ ನುಡಿದ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಲೋಕದ ಬುದ್ಧಿಮಾತು ಅದಲ್ಲ. ಸಾಕ್ಷಿ ಹಿಂದೆಗೆಯುವುದೆಂದರೆ ಪವಿತ್ರಾತ್ಮನನ್ನೇ ಸುಳ್ಳುಗಾರ ಎಂದಂತೆ, ಆ ಒಂದು ಪಾಪಕ್ಕೆ ಕ್ಷಮೆಯಿಲ್ಲ ಎಂದು ಅಪ್ಪ ಬೆರಳೆತ್ತಿ ಹೇಳುತ್ತಿದ್ದ. ಆ ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು.

ಅಪ್ಪನ ಬಗ್ಗೆ ನಗಬೇಡಿ. ನಾನೂ ನಗುವುದಿಲ್ಲ, ಸಿಟ್ಟು ಮಾತ್ರ ಮಾಡುತ್ತೇನೆ. ಅವನು ಯಲ್ಲಪ್ಪನಾಗಿದ್ದಾಗ ಕುಡಿಯುತ್ತಿದ್ದ. ಬರೀ ಕುಡಿಯುತ್ತಿರಲಿಲ್ಲ, ಕುಡಿದು ಬಂದು ಅವ್ವನನ್ನು ಅಟ್ಟೆ ಬಡಿಯುವ ಕೊಡತಿಯಿಂದ ಬಡಿಯುತ್ತಿದ್ದ. ಒಂದು ಬೇಸಿಗೆ ಮಟಮಟ ಮಧ್ಯಾಹ್ನ, ಕಾಗವಾಡದ ಸಂತೆಗೆ ಚಪ್ಪಲಿ ಹೊತ್ತು ಹೋಗುವಾಗ, ದಾರಿಯಲ್ಲಿ ಬಿಸಿಲನ್ನೂ ಮಂಕು ಮಾಡುವಂಥ ಬೆಳಕೊಂದು ತನ್ನ ಮುಂದೆ ನಿಂತಿತೆಂದೂ, ಅದು ತನ್ನ ಹೆಸರು ಹಿಡಿದು ಕರೆಯಿತೆಂದೂ ಅವನು ಹೇಳುತ್ತಿದ್ದ. ಅವನನ್ನು ಯಾರೋ ರಸ್ತೆಬದಿಯಿಂದ ಎತ್ತಿ ಮನೆಗೆ ತಂದರು. ಅಂದಿನಿಂದ ಅವನು ಹೆಂಡ ಮುಟ್ಟಲಿಲ್ಲ, ಅವ್ವನ ಮೇಲೆ ಕೈ ಎತ್ತಲಿಲ್ಲ. ದೀಕ್ಷಾಸ್ನಾನ ಮಾಡಿಸಿಕೊಂಡು ಯೋಹಾನನಾದ. ಆಮೇಲೆ ಅವ್ವ, ನಾವು ಎಲ್ಲರೂ ಅವನ ಹಿಂದೆ ಹೋದೆವು. ಬಿಸಿಲು ನೆತ್ತಿಗೇರಿದ್ದರೆ ಯಾರಿಗಾದರೂ ಬೆಳಕು ಕಂಡೀತು ಎಂದು ಓಣಿಯವರು ಆಡಿಕೊಂಡರು. ಆದರೆ ಬಿಸಿಲು ಹೆಂಡ ಬಿಡಿಸಿದ್ದನ್ನು ನಾನಂತೂ ಎಲ್ಲಿಯೂ ನೋಡಿಲ್ಲ. ಆ ಬೆಳಕು ನಿಜವೆಂದೇ ನಾನು ಇವತ್ತಿಗೂ ನಂಬಿದ್ದೇನೆ.

ಊರಿನ ಚರ್ಚಿನ ವಯಸ್ಸಾದ ಅಯ್ಯನವರಿಗೆ ಕಾಣಲೇಬೇಕೆಂಬ ಅಪ್ಪನ ಈ ಆತುರ ಹಿಡಿಸಿರಲಿಲ್ಲ. ಅವರು ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಾ ಮೆಲ್ಲಗೆ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ.

"ಯೋಹಾನ, ಒಮ್ಮೆ ಕಂಡಿ, ಭಾಗ್ಯವಂತ. ಆದ್ರ ಕಂಡಿದ್ದೆಲ್ಲಾ ಅವನೇ ಅಂತ ತಿಳೀಬ್ಯಾಡ. ಕಾಣಲಾರದಾಗೂ ಅವ ಇರ್ತಾನ. ಮನಿ ಮಂದಿಗೆ ಕಾಣು ಕಾಣು ಅಂತ ಗಂಟಬೀಳಬ್ಯಾಡ."

"ನೀವು ಓದಿ ನಂಬಿದವ್ರರಿ, ಅಯ್ಯನವರ. ನಾ ಕಂಡ ನಂಬಿದಾವ," ಎಂದ ಅಪ್ಪ. ಅದಾದ ಮೇಲೆ ಅವನು ಚರ್ಚಿಗೆ ಹೋಗುವುದನ್ನು ಬಿಟ್ಟು ನಮ್ಮ ಪಡಸಾಲೆಯಲ್ಲೇ ಭಾನುವಾರದ ಕೂಟ ಶುರುಮಾಡಿದ. ಶನಿವಾರ ಮನೆಯವರಿಗೆ, ಭಾನುವಾರ ಹೊರಗಿನವರಿಗೆ. ಶನಿವಾರದ ಸಾಕ್ಷಿ ಗಟ್ಟಿಯಾಗಿದ್ದರೆ ಮರುದಿನ ಅದನ್ನು ಹೊರಗಿನವರ ಮುಂದೆ ಹೇಳಿಸುತ್ತಿದ್ದ.

ಅವ್ವ ಜಾಣೆ. "ಜ್ವಾಳದ ಡಬ್ಬಿ ಖಾಲಿ ಆಗೂದ್ರಾಗ ಮತ್ತ ತುಂಬಿದ್ದ ಕಂಡೆ" ಎನ್ನುತ್ತಿದ್ದಳು. ಅಪ್ಪ ಆಮೆನ್ ಎನ್ನುತ್ತಿದ್ದ. ಆಯಿಯದು ಪ್ರತಿ ವಾರವೂ ಒಂದೇ ಮಾತು:

"ನಾ ಅವನ್ನ ಕಂಡಿಲ್ಲ. ಅವ ನನ್ನ ಕಂಡಾನ. ನನಗಷ್ಟ ಸಾಕ."

ಅಪ್ಪನಿಗೆ ಅದನ್ನು ಒಪ್ಪುವುದಕ್ಕೂ ಆಗುತ್ತಿರಲಿಲ್ಲ, ಬಿಡುವುದಕ್ಕೂ ಆಗುತ್ತಿರಲಿಲ್ಲ. ಕರುಣಾ ಮಾತ್ರ ಕೇಳುವುದೇ ಬೇಡ. ಆರು ವರ್ಷದ ಹುಡುಗಿಗೆ ಯೇಸು ಹಿತ್ತಲಿನ ಬೇವಿನ ಮರದ ಮೇಲೆ ಕಾಣುತ್ತಿದ್ದ, ಕೋಳಿಗೆ ನುಚ್ಚು ಹಾಕುತ್ತಾ ಕಾಣುತ್ತಿದ್ದ, ಒಮ್ಮೆ ಅವಳ ಹರಿದ ಚಪ್ಪಲಿಯನ್ನು ನೋಡಿ ನಕ್ಕನಂತೆ. ಅವಳು ಇದನ್ನು ಒಂದು ಕಾಲಿನ ಮೇಲೆ ನಿಂತು, ಮೂಗು ಒರೆಸಿಕೊಳ್ಳುತ್ತಾ ಹೇಳುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಸುಳ್ಳು ಹೇಳಲು ಬರುತ್ತಲೇ ಇರಲಿಲ್ಲ. ಅದು ನನ್ನ ವಿದ್ಯೆ.

ನನಗೆ ಏನೂ ಕಾಣಲಿಲ್ಲ. ನಾನು ಹತ್ತು ವರ್ಷದವಳು, ಓದಿನಲ್ಲಿ ಚುರುಕು, ಸ್ತೋತ್ರಗಳೆಲ್ಲ ಬಾಯಿಪಾಠ. ಆದರೂ ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಕೂತೆ, ತೆರೆದು ಕೂತೆ. ಸೂರ್ಯನನ್ನು ದಿಟ್ಟಿಸಿ ನೋಡಿದೆ. ಹಸಿರು ಚುಕ್ಕಿಗಳು ಕುಣಿದವು, ಅವು ಯಾರ ಹೆಸರನ್ನೂ ಕರೆಯಲಿಲ್ಲ. ಗುಟ್ಟಾಗಿ ಒಪ್ಪತ್ತು ಉಪವಾಸ ಮಾಡಿದೆ, ಹಸಿವು ಕಂಡಿತು. ಶನಿವಾರದ ಮೇಲೆ ಶನಿವಾರ "ನನ್ನ ಕಣ್ಣು ಇನ್ನೂ ತೆರೆದಿಲ್ಲ" ಎಂದು ಹೇಳಿ ಕೂತು, ಎಲ್ಲರ ಗಂಗಾಳಕ್ಕೂ ರೊಟ್ಟಿ ಬೀಳುವುದನ್ನು ನೋಡುತ್ತಿದ್ದೆ. ಆಯಿ ತನ್ನ ಸೆರಗಿನಡಿ ಒಂದು ರೊಟ್ಟಿಯನ್ನು ಬೆಚ್ಚಗೆ ಇಟ್ಟುಕೊಂಡು ನನಗೆ ದಾಟಿಸುತ್ತಿದ್ದಳು. ರೊಟ್ಟಿಯ ಸಂಕಟ ದೊಡ್ಡದಲ್ಲ. ಅಪ್ಪ ನನ್ನನ್ನು ನೋಡುತ್ತಿದ್ದ ರೀತಿ ಇತ್ತಲ್ಲ, ಬೈಯದೆ, ಹೊಡೆಯದೆ, ಬರೀ ಮರುಕದಿಂದ, ಅದು ನನಗೆ ತಡೆಯಲಾಗುತ್ತಿರಲಿಲ್ಲ. ಕರುಣಾಳ ತಲೆಯ ಮೇಲೆ ಇಡುವ ಆ ಕೈಯನ್ನು ಅವನು ಒಮ್ಮೆ ನನ್ನ ತಲೆಯ ಮೇಲೂ ಇಡಲಿ ಎಂದು ನನಗೆ ಆಸೆ. ದೇವರಿಗಿಂತ ಹೆಚ್ಚು ನನಗೆ ಬೇಕಾಗಿದ್ದದ್ದು ಅದು.

ಕಬ್ಬು ಕಡಿಯುವ ದಿನಗಳು. ಒಂದು ಮಂಗಳವಾರ ಕರುಣಾಳಿಗೆ ಜ್ವರ ಬಂತು. ಬುಧವಾರ ವಾಂತಿ ಶುರುವಾಯಿತು. ಗುರುವಾರ ಬೆಳಿಗ್ಗೆ ಅವಳ ಕುತ್ತಿಗೆ ಕಟ್ಟಿಗೆಯಂತೆ ಸೆಟೆದಿತ್ತು. ಅವ್ವ ತಲೆ ಎತ್ತಲು ಹೋದರೆ ಇಡೀ ಮೈ ಜೊತೆಗೇ ಏಳುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲು ಮುಖದ ಮೇಲೆ ಬಿದ್ದರೆ ಕಿರುಚುತ್ತಿದ್ದಳು.

"ಬೆಳಕ ಬ್ಯಾಡ ಬೇ ಅವ್ವಾ. ಬೆಳಕ ತಗೀ."

ಅವ್ವ ಕಿಟಕಿಗೆ ಕೌದಿ ಕಟ್ಟಿದಳು. ಆಮೇಲೆ ಸೆರಗು ಬಿಗಿದು ಊರಾಚೆಯ ತೋಟದ ಪಾಟೀಲರ ಮನೆಗೆ ಓಡಿದಳು. ಕಬ್ಬು, ದ್ರಾಕ್ಷಿ ಇದ್ದ ದೊಡ್ಡ ಒಕ್ಕಲು. ನಾವು ಅವರ ಅಂಗಳದಾಚೆಗೆ ಹೋದವರಲ್ಲ. ಆದರೆ ಪಾಟೀಲರ ಹೆಂಡತಿ ಒಳ್ಳೆಯವಳು, ಅವ್ವನ ಮಾತು ಕೇಳಿದ್ದೇ ಜೀಪು ಕಳಿಸಿದಳು. ಮಿರಜಿನ ದವಾಖಾನೆಗೆ ಕರೆದೊಯ್ಯುವುದೆಂದು ಮಾತಾಯಿತು. ಹತ್ತು ಗಂಟೆಯ ಹೊತ್ತಿಗೆ ಜೀಪು ಓಣಿಯ ಬಾಯಲ್ಲಿ ನಿಂತಿತ್ತು, ಒಳಗೆ ಕರುಣಾ ಕೌದಿಯಲ್ಲಿ ಸುತ್ತಿಕೊಂಡು ಅವ್ವನ ತೊಡೆಯ ಮೇಲಿದ್ದಳು, ಕೈಚೀಲದಲ್ಲಿ ಎರಡು ಸೀರೆ, ಒಂದು ಲೋಟ. ಆಗ ಅಪ್ಪ ಬಾಗಿಲಲ್ಲಿ ನಿಂತ.

"ತಡೀರಿ. ಕೇಳೂಣ. ಅವನ್ನ ಕೇಳಲಾರದ ಹೆಂಗ ಹೋಗೂದು?"

ವಾರದ ನಡುವೆ, ತೊಗಲು ಹೊರಗೆ ಹಾಕದೆ, ನೆಲ ತೊಳೆಯದೆ, ನಾವು ಅಟ್ಟೆಗಳ ನಡುವೆಯೇ ಸುತ್ತ ಕೂತೆವು. ಅಪ್ಪ ಮೊದಲು ತಾನು ಬೇಡಿಕೊಂಡ. ಬಹಳ ಹೊತ್ತು ಕಣ್ಣು ಮುಚ್ಚಿದ್ದ. ತೆರೆದಾಗ ಅವನ ಮುಖ ನೋಡಿ ನನಗೆ ಗೊತ್ತಾಯಿತು, ಅವನಿಗೆ ಏನೂ ಕಂಡಿರಲಿಲ್ಲ. ಕಾಗವಾಡದ ದಾರಿಯ ಆ ಒಂದು ಮಧ್ಯಾಹ್ನದ ನಂತರ ಅವನಿಗೆ ಮತ್ತೆಂದೂ ಏನೂ ಕಂಡಿರಲಿಲ್ಲ ಎಂದು ನಾನು ಈಗ ಅಂದುಕೊಳ್ಳುತ್ತೇನೆ. ಅವನು ಹೆದರಿದ್ದ. ಅದಕ್ಕೇ ನಮ್ಮ ಕಡೆ ತಿರುಗಿದ. ಮೊದಲು ಅವ್ವನ ಕಡೆ.

"ನನಗ ಮಗಳ ಜ್ವರ ಕಾಣಾಕತ್ತೈತ್ರಿ," ಎಂದಳು ಅವ್ವ. "ಮತ್ತೇನೂ ಕಾಣವಲ್ದು. ದಾರಿ ಬಿಡ್ರಿ."

ಆಯಿ ಬಾಗಿಲಿನ ಹೊರಗೆ ಬೆರಳು ಮಾಡಿದಳು.

"ನನಗ ಜೀಪ ಕಾಣಾಕತ್ತೈತಿ. ಅದನ್ನ ಕಳಿಸಿದಾವ ಯಾರಂತ ತಿಳಕೊಂಡಿ, ಯಲ್ಲಪ್ಪಾ?"

"ಪಾಟೀಲ್ರು ಕಳಿಸ್ಯಾರ," ಎಂದ ಅಪ್ಪ. ಆಮೇಲೆ ನನ್ನ ಕಡೆ ನೋಡಿದ. ಕೇಳುವ ಆಸೆಯಿಂದ ಏನಲ್ಲ, ಸಾಲಿನಲ್ಲಿ ಮುಂದಿನವಳು ನಾನು ಎಂದು. ಇವಳಿಗೇನು ಕಂಡೀತು ಎಂಬ ಆ ಮರುಕದ ನೋಟ ಆಗಲೇ ಅವನ ಕಣ್ಣಿನಲ್ಲಿತ್ತು. ನಾನು ಎದ್ದುನಿಂತೆ.

"ನಾ ಕಂಡೆ, ಅಪ್ಪಾ," ಎಂದೆ. "ಕರುಣಾನ ಮ್ಯಾಲ ಬೆಳಕ ಬಂದಿತ್ತ. ಬೆಳಕಿನ್ಯಾಗಿಂದ ಒಂದ ಕೈ ಬಂದು ಆಕಿ ಹಣಿ ಮ್ಯಾಲ ಕುಂತಿತ್ತ. ಇಲ್ಲೇ ಇರಲಿ, ನಾ ಅದೀನಿ ಅಂತು."

ಯಾಕೆ ಹೇಳಿದೆ? ಈ ಪ್ರಶ್ನೆಯನ್ನು ನನ್ನಷ್ಟು ಸಲ ಯಾರೂ ಕೇಳಿಲ್ಲ. ಅವ್ವ ಕರುಣಾಳನ್ನು ಎತ್ತಿಕೊಂಡು ಮಿರಜಿಗೆ ಹೋದರೆ ಅವಳಿಲ್ಲದ ಮನೆಯಲ್ಲಿ ಉಳಿಯುವ ಭಯವಿತ್ತು. ಹೆದರಿದ ಅಪ್ಪನಿಗೆ ಸಮಾಧಾನ ಆಗಲಿ ಎಂದಿತ್ತು. ಆದರೆ ಅವೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳು. ಆ ಕ್ಷಣದಲ್ಲಿ ನನಗೆ ಬೇಕಾಗಿದ್ದದ್ದು ಒಂದೇ, ಅಪ್ಪನ ಕಣ್ಣಿನ ಆ ಮರುಕ ಅಳಿಸಿಹೋಗಬೇಕು. ಅಳಿಸಿಹೋಯಿತು. ಅವನ ಮುಖ ಬಿಚ್ಚಿಕೊಂಡಿದ್ದನ್ನು ನಾನು ನೋಡಿದೆ. ಬೆಳಕು ಬೇಡವೆಂದು ಅಳುವ ಮಗುವಿನ ಮೇಲೆ ನಾನು ಬೆಳಕು ಸುರಿದಿದ್ದೆ, ಅದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಬಹುಶಃ ಆಯಿಗೆ ಹೊಳೆದಿರಬೇಕು. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು:

"ಯಾವ ಕೈ, ಸುಗುಣಾ? ಎಡಗೈಯೋ, ಬಲಗೈಯೋ?"

"ಬಲಗೈ," ಎಂದೆ. ರೆಪ್ಪೆ ಬಡಿಯಲಿಲ್ಲ.

"ಕೈಯಾಗ ಏನಾರ ಇತ್ತೇನ? ಮೊಳಿ ಹೊಡದ ಗಾಯ ಇತ್ತೇನ?"

"ಅವ್ವಾ!" ಎಂದು ಅಪ್ಪ ತನ್ನ ತಾಯಿಯನ್ನು ಗದರಿದ. "ಕೂಸಿನ ಬಾಯಾಗ ಅವ ಮಾತಾಡಾಕತ್ತಾಗ ಅಡ್ಡ ಬರಬ್ಯಾಡ."

ಆಯಿ ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ. ಅವಳು ಕೇಳಲಿಲ್ಲ. ಪಾಟೀಲರ ಡ್ರೈವರ್ ಬಾಗಿಲಿಗೆ ಬಂದು "ಕಾಕಾ, ಬರ್ತೀರ್ಯೋ ಇಲ್ಲೋ? ನಾ ಮತ್ತ ಕೊಲ್ಲಾಪುರಕ್ಕ ಹೋಗಬೇಕ್ರಿ," ಎಂದ. ಅಪ್ಪ ಕೈ ಮುಗಿದು, ಇಲ್ಲ, ಆಗಲೇ ವೈದ್ಯ ಬಂದಾನ, ಎಂದ. ಜೀಪು ಹಿಂದಕ್ಕೆ ಸರಿದು, ತಿರುಗಿ, ಹೋಯಿತು. ಅವ್ವ ಕರುಣಾಳನ್ನು ಮತ್ತೆ ಕತ್ತಲೆಯ ಮೂಲೆಯಲ್ಲಿ ಮಲಗಿಸಿದಳು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ, ಅಳುತ್ತಾ ಸ್ತೋತ್ರ ಹೇಳಿದ. ಆ ಮಧ್ಯಾಹ್ನ ಮೊದಲ ರೊಟ್ಟಿಯನ್ನು ತಾನೇ ನನ್ನ ಗಂಗಾಳಕ್ಕೆ ಹಾಕಿದ. ನಾನು ಉಂಡೆ. ಒಂದಲ್ಲ, ಎರಡು ರೊಟ್ಟಿ ಉಂಡೆ, ಮೇಲೆ ಬೆಲ್ಲವನ್ನೂ ಕೇಳಿ ಹಾಕಿಸಿಕೊಂಡೆ.

ಶುಕ್ರವಾರ ಕರುಣಾ ಗುರುತು ಹಿಡಿಯುವುದನ್ನು ಬಿಟ್ಟಳು. ಅವಳ ಹಲ್ಲು ಕಟಕಟ ಕಡಿಯುತ್ತಿದ್ದವು. ಅಪ್ಪ ಹಿತ್ತಲಿನಲ್ಲಿ ತೊಗಲು ಹರವುತ್ತಿದ್ದಲ್ಲಿಗೆ ಓಡಿಹೋಗಿ ಹೇಳಿದೆ.

"ಅಪ್ಪಾ, ನಾ ಏನೂ ಕಂಡಿಲ್ಲ. ಸುಳ್ಳ ಹೇಳೀನಿ. ಜೀಪ ಕರಸು."

ಅವನು ನನ್ನನ್ನು ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಹೊಡೆಯಲಿಲ್ಲ. ನನ್ನೆದುರು ಮೊಣಕಾಲೂರಿ, ಎರಡೂ ಭುಜ ಹಿಡಿದು, ಬಹಳ ಪ್ರೀತಿಯಿಂದ ಮಾತಾಡಿದ.

"ಹೆದರಬ್ಯಾಡವ್ವಾ. ಇದ ನಿನ್ನ ಮಾತಲ್ಲ. ಕಂಡಾವರನ್ನ ಸೈತಾನ ಹಿಂಗಽ ಕಾಡತಾನ, ಕಂಡೇ ಇಲ್ಲ ಅನಸತಾನ. ನನಗೂ ಎಷ್ಟ ಸಲ ಅನಿಸೈತಿ ಗೊತ್ತೇನ? ನೀ ಕಂಡಿ. ನೀ ಖರೇನ ಕಂಡಿ."

ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಸೈತಾನನನ್ನು ಓಡಿಸುವ ಪ್ರಾರ್ಥನೆ ಮಾಡಿದ. ಆ ಕೈಯ ಕೆಳಗೆ ನಾನು ಅಲ್ಲಾಡದೆ ನಿಂತಿದ್ದೆ. ಸತ್ಯ ಹೇಳಿದರೂ ಕೇಳುವವರಿಲ್ಲ ಎಂದು ನನಗೆ ಅಂದು ತಿಳಿಯಿತು, ಹತ್ತು ವರ್ಷದವಳಿಗೆ ಅದು ತಿಳಿಯಬಾರದು. ಅವ್ವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳು ಹೇಳಿದ್ದೆ ಎಂದರೆ ಅವಳು ನಂಬಿಬಿಡುತ್ತಿದ್ದಳು, ಅದಕ್ಕೇ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಅಪ್ಪ ಅರಿ ಒರೆಸಿಡುವಾಗ ಅವ್ವ ನೆಲ ತೊಳೆಯಲು ಏಳಲಿಲ್ಲ. ಕರುಣಾಳನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದಳು. ಅಪ್ಪ ಅಡ್ಡ ಬಂದ. ಮಗಳ ಸಾಕ್ಷಿ ಮರೆತೆಯಾ, ಅವನ ಮಾತಿಗೆ ಎದುರು ಹೋಗುತ್ತೀಯಾ ಎಂದ. ಅವ್ವ ನಿಂತಳು. ಆ ಬಿಸಿಲಿನಲ್ಲಿ ಅವಳು ಆಡಿದ ಮಾತಿಗೆ ಸರಿಗಟ್ಟುವ ಮಾತನ್ನು ನಾನು ಯಾವ ದೇವಾಲಯದಲ್ಲಿಯೂ ಕೇಳಿಲ್ಲ.

"ನನ್ನ ಕೂಡ ಅವ ಮಾತಾಡಿಲ್ರಿ. ಈಗ ಬಂದು ಮಾತಾಡಿದ್ರೂ ನಾ ಕೇಳಾಕಿ ಅಲ್ಲ."

ಪಾಟೀಲರ ಜೀಪು ಕೊಲ್ಲಾಪುರದಿಂದ ಬಂದಿರಲಿಲ್ಲ. ಅವಳು ದೊಡ್ಡ ರಸ್ತೆಯ ತನಕ ನಡೆದು, ಕಬ್ಬು ಇಳಿಸಿ ಬರುತ್ತಿದ್ದ ಒಂದು ಖಾಲಿ ಟ್ರ್ಯಾಕ್ಟರಿಗೆ ಅಡ್ಡ ನಿಂತು, ಕಾಗವಾಡದ ತನಕ ಅದರ ಹಿಂದಿನ ಡಬ್ಬಿಯಲ್ಲಿ ಕೂತು, ಅಲ್ಲಿಂದ ಬಸ್ಸು ಹಿಡಿದು ಮಿರಜಿಗೆ ಹೋದಳು. ಮೆದುಳಿಗೆ ಏರಿದ ಜ್ವರ ಎಂದು ಡಾಕ್ಟರು ಹೇಳಿದರಂತೆ. ಒಂದು ತಿಂಗಳು ಅಲ್ಲಿದ್ದರು. ಕರುಣಾ ಉಳಿದಳು. ಕಿವಿ ಉಳಿಯಲಿಲ್ಲ. ಗುರುವಾರವೇ ತಂದಿದ್ದರೆ ಏನಾಗುತ್ತಿತ್ತು ಎಂದು ಅವ್ವ ಕೇಳಿದ್ದಕ್ಕೆ ಡಾಕ್ಟರು, ಖಚಿತವಾಗಿ ಹೇಳಲಾರೆ, ಆದರೆ ಗುರುವಾರವೇ ತರಬೇಕಿತ್ತು, ಎಂದರಂತೆ. ಅವ್ವ ಇದನ್ನು ಆಯಿಗೆ ಹೇಳುವಾಗ ನಾನು ಒಲೆಯ ಮುಂದೆ ಕೂತಿದ್ದೆ.

ಮನೆಗೆ ಬಂದ ಕರುಣಾ ಮೊದಮೊದಲು ಮಾತಾಡುತ್ತಿದ್ದಳು. ನೀವು ಯಾಕೆ ಬಾಯಿ ಆಡಿಸುತ್ತೀರಿ, ಗಟ್ಟಿಯಾಗಿ ಮಾತಾಡಿ ಎಂದು ಸಿಟ್ಟು ಮಾಡುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಅವಳ ಮಾತು ಸವೆಯಿತು. ಮೊದಲು ಕೊನೆಯ ಅಕ್ಷರಗಳು ಹೋದವು, ಆಮೇಲೆ ಪದಗಳೇ ಹೋದವು. ಅಪ್ಪ ಮಾತ್ರ ಭಾನುವಾರದ ಕೂಟದಲ್ಲಿ ಅವಳನ್ನು ಮುಂದೆ ನಿಲ್ಲಿಸಿ, ಸತ್ತ ಮಗಳನ್ನು ಕರ್ತನ ಕೈ ಎತ್ತಿತು, ಅಕ್ಕ ಅದನ್ನು ಕಣ್ಣಾರೆ ಕಂಡಳು ಎಂದು ಸಾಕ್ಷಿ ನುಡಿಯತೊಡಗಿದ. ಅವನ ಕಥೆಯಿಂದ ಮಿರಜು ಬಿದ್ದುಹೋಯಿತು, ಟ್ರ್ಯಾಕ್ಟರು ಬಿದ್ದುಹೋಯಿತು, ಅವ್ವ ಬಿದ್ದುಹೋದಳು. ಬೆಳಕು ಮತ್ತು ಬಲಗೈ ಮಾತ್ರ ಉಳಿದವು. ರಾಯಬಾಗ, ಚಿಕ್ಕೋಡಿ ಕಡೆಯಿಂದಲೂ ಜನ ಬಂದು ನನ್ನ ಕೈ ಮುಟ್ಟಿ ನೋಡಿದರು. ಅವ್ವ ಶನಿವಾರ ನಮ್ಮ ಜೊತೆ ಮತ್ತೆಂದೂ ಸುತ್ತ ಕೂರಲಿಲ್ಲ. ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಳು. ಒಂದು ದಿನ ನನ್ನ ತಲೆ ಬಾಚುತ್ತಾ, ಬಾಚಣಿಗೆ ನಿಲ್ಲಿಸದೆಯೇ ಹೇಳಿದಳು:

"ನೀ ಅವತ್ತ ಏನ ಕಂಡಿದ್ದಿ ಅಂತ ನಾ ಕೇಳೂದಿಲ್ಲ, ಸುಗುಣಾ. ಕೇಳಿದ್ರ ನಿನ್ನ ಸಾಕೂದು ನನ್ನಿಂದ ಆಗೂದಿಲ್ಲ."

ಜಡೆ ಹಾಕಿ, ಟೇಪು ಕಟ್ಟಿ, ಶಾಲೆಗೆ ಕಳಿಸಿದಳು. ಅವಳು ಸಾಯುವ ತನಕ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕರುಣಾಳ ಭಾಷೆಯನ್ನು ಮೊದಲು ಕಲಿತವಳು ನಾನು. ಕಲಿತೆ ಎನ್ನುವುದಕ್ಕಿಂತ ಇಬ್ಬರೂ ಕೂಡಿ ಮಾಡಿಕೊಂಡೆವು. ಮೂಗಿನ ಬದಿಗೆ ಬೆರಳಿಟ್ಟರೆ ಅವ್ವ, ಮೂಗುತಿಯಿಂದ. ಹೆಬ್ಬೆರಳಿನಿಂದ ಅಂಗೈ ಕೊಯ್ದರೆ ಅಪ್ಪ. ಭುಜದ ಮೇಲಿಂದ ಜಡೆ ಎಳೆದರೆ ನಾನು. ಬಾಯಿಯ ಮುಂದೆ ಬೆರಳು ಡೊಂಕು ಮಾಡಿದರೆ ಸುಳ್ಳು. ಮೇಲಕ್ಕೆ ತೋರಿಸಿದರೆ ಅವನು. ಓಣಿಯ ಸುದ್ದಿ, ಸಿನಿಮಾ ಕಥೆ, ಪಾಟೀಲರ ಮಗಳ ಮದುವೆಯ ಸೀರೆ, ಎಲ್ಲವನ್ನೂ ನಾನು ಅವಳಿಗೆ ಕೈಯಲ್ಲಿ ಹೇಳುತ್ತಿದ್ದೆ. ತಂಗಿಯ ಮೇಲೆ ಎಂಥ ಪ್ರೀತಿ ಎಂದು ಜನ ಹೊಗಳುತ್ತಿದ್ದರು. ಅವಳಿಗೆ ಹನ್ನೆರಡೋ ಹದಿಮೂರೋ ಇರಬೇಕು, ಒಂದು ದಿನ ಹಿತ್ತಲಿನಲ್ಲಿ ಅಟ್ಟೆ ಒಣಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ತನ್ನ ಕಿವಿ ಮುಟ್ಟಿ, ಕೈ ತಿರುಗಿಸಿ ಕೇಳಿದಳು: ಯಾಕೆ? ಯಾರು? ಬೆರಳು ತಾನಾಗಿಯೇ ಮೇಲಕ್ಕೆ ಹೋಯಿತು. ಅವನು, ಎಂದೆ. ಅವಳು ಆ ಬೆರಳನ್ನು, ಆಮೇಲೆ ಆಕಾಶವನ್ನು ಬಹಳ ಹೊತ್ತು ನೋಡಿದಳು. ಮತ್ತೆ ಅಟ್ಟೆ ಒಣಹಾಕಿದಳು. ಮರದ ಮೇಲೆ, ಕೋಳಿಗಳ ನಡುವೆ ಅವನನ್ನು ಕಂಡವಳು ಆಮೇಲೆ ಅವನ ಬಗ್ಗೆ ನನಗೆ ಒಂದು ಸನ್ನೆಯನ್ನೂ ಮಾಡಲಿಲ್ಲ. ಮೊದಲ ಸುಳ್ಳಿಗೆ ನನ್ನ ವಯಸ್ಸನ್ನು ಅಡ್ಡ ಹಿಡಿಯಬಹುದು. ಎರಡನೆಯದಕ್ಕೆ ಏನನ್ನೂ ಹಿಡಿಯಲಾರೆ.

ನಾನು ಶಿಕ್ಷಕಿಯಾಗಿ ನಿಪ್ಪಾಣಿಗೆ ಬಂದೆ, ಇಲ್ಲಿಯೇ ಮನೆ ಮಾಡಿದೆ. ಆಯಿ ಹೋದಳು, ಅವ್ವ ಹೋದಳು. ಅಪ್ಪ ಮತ್ತು ಕರುಣಾ ಅಥಣಿಯ ಮನೆಯಲ್ಲಿದ್ದಾರೆ. ಅವನು ಅಟ್ಟೆ ಕೊಯ್ಯುತ್ತಾನೆ, ಅವಳು ತೊಗಲಿನ ಜಡೆ ಹೆಣೆಯುತ್ತಾಳೆ, ಅವಳ ಕೈಯ ಹೆಣಿಕೆಗೆ ಕೊಲ್ಲಾಪುರದ ವ್ಯಾಪಾರಿಗಳು ಕಾಯುತ್ತಾರೆ. ಮೊನ್ನೆ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಮೊಬೈಲಿಗೆ ಒಂದು ವಿಡಿಯೋ ಬಂತು. ಕೂಟದ ಹುಡುಗರು ಯಾರೋ ತೆಗೆದದ್ದು, ಅದರಲ್ಲಿದ್ದವರಲ್ಲಿ ನನ್ನ ಹೋಲಿಕೆ ಕಂಡು ಗೆಳತಿಯೊಬ್ಬಳು ಕಳಿಸಿದ್ದಳು. ಪೆಂಡಾಲಿನಲ್ಲಿ ಮೈಕು ಹಿಡಿದ ಅಪ್ಪ, ಬಿಳಿ ತಲೆ, ಅದೇ ಬೆಳಕು, ಅದೇ ಬಲಗೈ. ಪಕ್ಕದಲ್ಲಿ ಕರುಣಾ. ನಲವತ್ತಾರರ ಹೆಂಗಸು, ಒಳ್ಳೆಯ ಸೀರೆ ಉಟ್ಟು, ಜನ ಕೈಯೆತ್ತಿದಾಗ ತಾನೂ ಕೈಯೆತ್ತಿ, ಜನ ಅತ್ತಾಗ ಏನಾಯಿತೆಂದು ಸುತ್ತಲೂ ನೋಡಿ, ಸುಮ್ಮನೆ ನಗುತ್ತಿದ್ದಳು. ನಲವತ್ತು ವರ್ಷ ಅವಳನ್ನು ಆ ಕಥೆಯ ಪಕ್ಕ ನಿಲ್ಲಿಸಿದ್ದೇವೆ. ಅದು ಯಾವ ಕಥೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಬರುತ್ತಿದ್ದವಳು ನಾನೊಬ್ಬಳೇ. ವಿಡಿಯೋ ಮುಗಿಯುವ ಮೊದಲೇ ರಜೆಯ ಚೀಟಿ ಬರೆದೆ.

ಮರುದಿನ ಬೆಳಿಗ್ಗೆ ಅಥಣಿ ಮುಟ್ಟಿದಾಗ ಅಪ್ಪ ಕೂಟಕ್ಕೆಂದು ರಾಯಬಾಗಕ್ಕೆ ಹೋಗಿದ್ದ. ಕರುಣಾ ಪಡಸಾಲೆಯ ಕಿಟಕಿಯ ಕೆಳಗೆ, ಅವನ ಜಾಗದಲ್ಲಿ ಕೂತು ಜಡೆ ಹೆಣೆಯುತ್ತಿದ್ದಳು. ನನ್ನನ್ನು ನೋಡಿ ಮುಖವರಳಿಸಿ, ಊಟ? ಎಂದು ಕೈ ಮಾಡಿದಳು. ನಾನು ಅವಳೆದುರು ಕೂತೆ. ಮೊಬೈಲು ತೆಗೆದು ಅದೇ ವಿಡಿಯೋ ತೋರಿಸಿದೆ. ಅಪ್ಪ ಏನು ಹೇಳುತ್ತಿದ್ದಾನೆ ಎಂದು ಒಂದೊಂದನ್ನೇ ಸನ್ನೆಯಲ್ಲಿ ಹೇಳಿದೆ. ನೀನು ಸಣ್ಣವಳು. ಜ್ವರ. ಹೊರಗೆ ಜೀಪು. ಅವ್ವ ಚೀಲ ಹಿಡಿದಿದ್ದಾಳೆ. ನಾನು ಎದ್ದುನಿಂತೆ, ಬೆಳಕು ಕಂಡೆ ಎಂದೆ. ಜೀಪು ಹೋಯಿತು. ಎರಡು ದಿನ ಹೋಯಿತು. ನಿನ್ನ ಕಿವಿ ಹೋಯಿತು. ಅವಳು ತಲೆ ಆಡಿಸುತ್ತಾ, ಬೇರೆ ಯಾರದೋ ಕಥೆಯನ್ನು ನೋಡುವಂತೆ ನೋಡುತ್ತಿದ್ದಳು. ನಾನು ಜಡೆ ಎಳೆದು ನನ್ನನ್ನು ತೋರಿಸಿದೆ, ಕಣ್ಣು ತೋರಿಸಿ ಕೈ ಅಲ್ಲಾಡಿಸಿದೆ, ಬಾಯಿಯ ಮುಂದೆ ಬೆರಳನ್ನು ಡೊಂಕು ಮಾಡಿದೆ. ನಾನು ಏನೂ ಕಾಣಲಿಲ್ಲ. ಸುಳ್ಳು.

ಅವಳ ಕೈಯಲ್ಲಿದ್ದ ತೊಗಲಿನ ಜಡೆ ನಿಂತಿತು. ಅದನ್ನು ಮಡಿಲಲ್ಲಿಟ್ಟು, ಬೆರಳು ಮೇಲಕ್ಕೆತ್ತಿ, ಕೈ ಅಲ್ಲಾಡಿಸಿ ಕೇಳಿದಳು:

ಅವನಲ್ಲ?

ಅಲ್ಲ, ಎಂದೆ. ನಾನು.

ಅವಳು ಮತ್ತೆ ಕೇಳಿದಳು. ಈ ಸಲ ಮೇಲೆ ತೋರಿಸಿದ ಬೆರಳು ಅಲ್ಲಿಯೇ ನಿಂತಿತ್ತು. ಅವನಲ್ಲ? ಅಷ್ಟು ವರ್ಷ ಅವಳು ಯಾರೊಂದಿಗೆ ಮಾತು ಬಿಟ್ಟಿದ್ದಳು, ಯಾರ ಮೇಲೆ ಮುನಿದು ಒಬ್ಬಳೇ ಆಗಿದ್ದಳು ಎನ್ನುವುದು ನನಗೆ ಆಗ ತಿಳಿಯಿತು. ಕಿವಿಯೊಂದನ್ನೇ ಅಲ್ಲ, ನಾನು ಅವಳಿಂದ ಅವನನ್ನೂ ಕಿತ್ತುಕೊಂಡಿದ್ದೆ. ಅಲ್ಲ, ಎಂದು ತಲೆ ಆಡಿಸಿದೆ. ತಪ್ಪಾಯಿತು ಎನ್ನಲು ನಮ್ಮ ಭಾಷೆಯಲ್ಲಿ ಸನ್ನೆಯೇ ಇರಲಿಲ್ಲ, ಅದನ್ನು ನಾವು ಮಾಡಿಕೊಂಡೇ ಇರಲಿಲ್ಲ. ಎರಡೂ ಕೈ ಜೋಡಿಸಿದೆ. ಅವಳು ನನ್ನ ಕೈಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಅವಳು ಕಣ್ಣು ಮುಚ್ಚಿದರೆ ಅವಳಿಗೆ ಹೇಳುವ ದಾರಿ ಇನ್ನೊಂದಿಲ್ಲ. ಅವಳ ತುಟಿ ಮಾತ್ರ ಅಲುಗಾಡುತ್ತಿತ್ತು, ಅದು ನನಗಲ್ಲ, ಅವನಿಗೆ. ಮುಟ್ಟಿ ಎಚ್ಚರಿಸಲು ಧೈರ್ಯ ಬರಲಿಲ್ಲ. ಜೋಡಿಸಿದ ಕೈ ಇಳಿಸಿ, ಅವಳೆದುರಿಗೆ ಹಾಗೆಯೇ ಕೂತಿದ್ದೆ.